ಗೆರೆಯ ಸಾಲ

ಕಾಂಗೋ ದೇಶದ ಇಟೂರಿ ಕಾಡಿನಲ್ಲಿ ಮ್ಬುಟಿ ಜನ ಇದ್ದಾರೆ. ಗಂಡಸರು ಮರದ ಒಳತೊಗಟೆಯನ್ನು ಜಜ್ಜಿ ಜಜ್ಜಿ ಬಟ್ಟೆ ಮಾಡುತ್ತಾರೆ. ಹೆಂಗಸರು ಕಾಡಿನ ಕಾಯಿರಸ, ಇದ್ದಿಲಿನಿಂದ ಅದರ ಮೇಲೆ ಗೆರೆ ಎಳೆಯುತ್ತಾರೆ. ಗೆರೆ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಖಾಲಿ ಜಾಗ ಬಿಟ್ಟು ಬೇರೆ ಕಡೆ ಹುಟ್ಟುತ್ತದೆ. ಇವತ್ತಿನ ಕಲಾವಿದನೊಬ್ಬ ಇದನ್ನು ನೋಡಿ ತನ್ನ ಶೈಲಿ ಬದಲಿಸಿಕೊಂಡರೆ ಅದು ಕಲಿಕೆಯೋ, ಕಳ್ಳತನವೋ?

ಎರಡು ಇಸವಿ ನೋಡಿ. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ, ಕೋತಿಗಳ ಮನೆಯಲ್ಲಿ, ಒಟಾ ಬೆಂಗಾ ಎಂಬ ಮ್ಬುಟಿ ಯುವಕನನ್ನು ಪ್ರದರ್ಶನಕ್ಕಿಟ್ಟರು. ಅದಕ್ಕೆ ಕ್ಷಮೆ ಕೇಳಿದ್ದು 2020ರಲ್ಲಿ. 1907ರಲ್ಲಿ ಪ್ಯಾರಿಸಿನಲ್ಲಿ ಪಿಕಾಸೊ ಆಫ್ರಿಕದ ಮುಖವಾಡಗಳನ್ನು ನೋಡಿ ಹೊಸ ಚಿತ್ರಕಲೆಗೆ ದಾರಿ ತೆಗೆದ. ಕಲೆ ಬೇಕು, ಆ ನೆಲದ ಮನುಷ್ಯ ಮಾತ್ರ ಬೋನಿನಲ್ಲಿ! ಇದೇನೂ ನಮಗೆ ಹೊಸದಲ್ಲ. ತಮಟೆಯ ಸದ್ದು ದೇವರಿಗೆ ಬೇಕು, ಬಡಿದವನು ಗುಡಿಯ ಹೊರಗೇ ನಿಲ್ಲಬೇಕು.

ಸಾಗರ ಸೀಮೆಯ ದೀವರ ಹೆಂಗಸರನ್ನೇ ತಗೊಳ್ಳಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಮದುವೆ ಬಂದರೆ ಹಸೆಗೋಡೆಯ ಚಿತ್ತಾರ. ಆ ಗೆರೆ ಈಗ ಚೌಕಟ್ಟಿನೊಳಗೆ ಕೂತು ನಗರಕ್ಕೆ ಬಂದಿದೆ. ಅದೇ ದೀವರು 1951ರಲ್ಲಿ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತು ಜೈಲಿಗೆ ಹೋದರು. ಗೋಡೆ ನಿಂತಿರೋದು ನೆಲದ ಮೇಲೆ. ಗೋಡೆಯ ಗೆರೆ ಬೇಕು, ನೆಲದ ಹಕ್ಕಿನ ಮಾತು ಬೇಡ ಅಂದರೆ ಹೇಗೆ?

"ಕಲೆ ಎಲ್ಲರದೂ ಕಣ್ರೀ" ಅನ್ನುತ್ತಾರೆ. ಸರಿ. ಹಾಗಾದರೆ ಚಿತ್ರದ ಮೂಲೆಯಲ್ಲಿ ಸಹಿ ಒಬ್ಬನದೇ ಯಾಕೆ? ಹಣ ಒಬ್ಬನ ಜೇಬಿಗೇ ಯಾಕೆ?

ಹಾಗಂತ ಬೇಲಿ ಹಾಕೋಣ ಅಂತ ಹೇಳುತ್ತಿಲ್ಲ. ದೇವನಹಳ್ಳಿ ಕಡೆಯ ಕೇರಿಯ ಹುಡುಗಿಯೊಬ್ಬಳು ಮ್ಬುಟಿ ಹೆಂಗಸರಿಂದ ಧೈರ್ಯ ಕಲಿಯಲಿ. ಎರಡೂ ಪಕ್ಕ ಸಮ ಇರಬೇಕು, ಜಾಗವೆಲ್ಲ ತುಂಬಬೇಕು ಎಂಬ ಡ್ರಾಯಿಂಗ್ ಕ್ಲಾಸಿನ ಕಟ್ಟಳೆಯನ್ನು ಮುರಿಯಲಿ. ಆದರೆ ತುಳಿಸಿಕೊಂಡವರು ಅನ್ನೋ ಕಾರಣಕ್ಕೆ ನಮಗೂ ಸಾಲ ಮನ್ನಾ ಇಲ್ಲ. ಯಾರಿಂದ ಕಲಿತೆ ಅಂತ ಬಾಯಿಬಿಟ್ಟು ಹೇಳಬೇಕು. ಬಂದದ್ದರಲ್ಲಿ ಪಾಲು ಕೊಡಬೇಕು. ಅವರ ಕಾಡು, ನೆಲ ಕೈಬಿಟ್ಟು ಹೋಗುವ ದಿನ ಅವರ ಪರ ನಿಲ್ಲಬೇಕು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈಯಲ್ಲಿ ಸರ್ಕಾರ ಹಿಂದೆ ಸರಿಯಿತು. ಆ ಧರಣಿಯ ಸಾಲಿನಲ್ಲಿ ಕೂತು ಎದ್ದವಳಿಗೆ ಇಟೂರಿಯ ಗೆರೆ ಬರೀ ಅಂದವಾಗಿ ಕಾಣೋದಿಲ್ಲ. ಅದರ ಹಿಂದೆ ಕಾಡು ಕಾಣುತ್ತದೆ, ಕೈ ಕಾಣುತ್ತದೆ. ಅಷ್ಟು ಕಂಡ ಮೇಲೆ ಕುಂಚ ಹಿಡಿಯಲಿ.