ಮರೆವು ಕ್ಷಮೆಯಲ್ಲ

1938ರ ಜುಲೈ 25ರಿಂದ ನವೆಂಬರ್ 16ರವರೆಗೆ ಸ್ಪೇನಿನ ಎಬ್ರೊ ನದಿಯ ದಂಡೆಯಲ್ಲಿ ಒಂದೇ ದೇಶದ ಮಕ್ಕಳು ಒಬ್ಬರನ್ನೊಬ್ಬರು ಕೊಂದರು. ಗಣರಾಜ್ಯದ ಪಡೆಯಲ್ಲಿ 17ರ ಹುಡುಗರಿದ್ದರು. ಜನ ಅವರನ್ನು 'ಹಾಲುಬಾಟಲಿಯ ಪಡೆ' ಎಂದರು. ದಂಗೆಯೆದ್ದ ಜನರಲ್ ಫ್ರಾಂಕೊನ ಪಡೆಯಲ್ಲಿ ಮೊರೊಕ್ಕೊದ ಬಡ ಮುಸ್ಲಿಮರೂ ಇದ್ದರು. ಗೆದ್ದವನು ಫ್ರಾಂಕೊ.

ಅವನು ಸತ್ತ ಎರಡು ವರ್ಷಕ್ಕೆ, 1977ರಲ್ಲಿ, ಕ್ಷಮಾದಾನದ ಕಾನೂನು ಬಂದು ಹಳೆಯ ರಾಜಕೀಯ ಅಪರಾಧಗಳ ವಿಚಾರಣೆಗೆ ತೆರೆ ಎಳೆಯಿತು. ಶಾಂತಿಗೆ ಅದು ಅಗತ್ಯವಿದ್ದಿರಬಹುದು. ಆದರೆ ಗುರುತಿಲ್ಲದೆ ಮಣ್ಣಾದ ಮಗನ ತಾಯಿಯ ಪರವಾಗಿ ಕ್ಷಮಿಸುವ ಹಕ್ಕು ಸರಕಾರಕ್ಕೆ ಉಂಟೇ ಎಂದು ನಾವು ಕೇಳಲೇಬೇಕು.

ಎಬ್ರೊದ ಮಣ್ಣಿನಲ್ಲಿ ಇಂದಿಗೂ ಮೂಳೆಗಳು ಸಿಗುತ್ತವೆ. ಬಾಂಬಿಗೆ ನುಚ್ಚುನೂರಾದ ಕೊರ್ಬೇರಾ ಎಂಬ ಊರನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನೆನಪಿಟ್ಟುಕೊಂಡವನು ಕ್ಷಮಿಸಬಲ್ಲ. ಮರೆತವನ ಬಳಿ ಕ್ಷಮಿಸಲು ಏನಿದೆ?