ಚಳಿಯಲ್ಲಿ ಬಿಗಿಯುವ ಗೇರು: ಶಕ್ತಿನಾಶವೋ, ಪ್ರತಿಬಂಧವೋ?

ರಾತ್ರಿಯಿಡೀ ಬಯಲಲ್ಲಿ ನಿಂತ ಗಾಡಿಯನ್ನು ಕಡು ಚಳಿಯ ಬೆಳಗ್ಗೆ ಹೊರಡಿಸಿದರೆ ಗೇರು ಸಲೀಸಾಗಿ ಬೀಳುವುದಿಲ್ಲ. ಕ್ಲಚ್ ಪೂರ್ತಿ ಒತ್ತಿದ್ದರೂ ಲಿವರ್ ಕೈಗೆ ಬಿಗಿಯಾಗಿ ಸಿಗುತ್ತದೆ. ಒಂದರಿಂದ ಎರಡಕ್ಕೆ ಹಾಕುವಾಗ ನಡುದಾರಿಯಲ್ಲಿ ತಡೆದು ನಿಲ್ಲುತ್ತದೆ. ಕೆಲವು ಕಿಲೋಮೀಟರ್ ಓಡಿದ ಮೇಲೆ ಅದೇ ಲಿವರ್ ಎರಡು ಬೆರಳಿಗೆ ಬಗ್ಗುತ್ತದೆ. ಈ ನಡುವೆ ಯಾರೂ ಗೇರ್‌ಬಾಕ್ಸ್ ಬಿಚ್ಚಿಲ್ಲ, ಭಾಗ ಬದಲಿಸಿಲ್ಲ, ಎಣ್ಣೆ ಒಂದು ಹನಿಯೂ ಹೆಚ್ಚುಕಡಿಮೆಯಾಗಿಲ್ಲ. ಕಾಣುವ ಕಾರಣಗಳೆಲ್ಲ ಇದ್ದೂ ಕಾರ್ಯ ಹುಟ್ಟದೆ ಹೋದರೆ ಅಲ್ಲಿ ಇಲ್ಲದ್ದು ಏನು? ಭಾರತೀಯ ದರ್ಶನಗಳಲ್ಲಿ ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದ ಪ್ರಶ್ನೆ ಇದು. ಅವರ ಮುಂದಿದ್ದದ್ದು ಬೆಂಕಿ ಮತ್ತು ಮಣಿಯ ದೃಷ್ಟಾಂತ. ಗೇರ್‌ಬಾಕ್ಸ್ ಅದಕ್ಕಿಂತ ಹೆಚ್ಚು ಒಳವಿವರಗಳಿರುವ ದೃಷ್ಟಾಂತ.

ಮೊದಲು ಒಳಗೆ ನಡೆಯುವುದೇನೆಂದು ನೋಡಬೇಕು. ಗೇರು ಬದಲಿಸುವಾಗ ಬೇರೆಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳು ಹಲ್ಲಿಗೆ ಹಲ್ಲು ಕೂಡಬೇಕು. ವೇಗ ಸಮವಾಗದೆ ಕೂಡಿಸಿದರೆ ಹಲ್ಲುಗಳು ಕರಕರನೆ ಉಜ್ಜುತ್ತವೆ. ಸಮ ಮಾಡುವ ಕೆಲಸ ಸಿಂಕ್ರೊನೈಸರ್ ರಿಂಗಿನದು. ಸಾಮಾನ್ಯವಾಗಿ ಹಿತ್ತಾಳೆ ಅಥವಾ ಕಂಚಿನ ಬಗೆಯ ಮಿಶ್ರಲೋಹದ ಈ ಬಳೆ ಗೇರಿನ ಶಂಕುವಿನಾಕಾರದ ಮೈಗೆ ಒತ್ತಿಕೊಂಡು, ಬರಿಯ ಘರ್ಷಣೆಯಿಂದ ಅದನ್ನು ತನ್ನ ವೇಗಕ್ಕೆ ತರುತ್ತದೆ. ಸಮವಾಗುವವರೆಗೆ ರಿಂಗಿನ ಅಂಚಿನ ಹಲ್ಲುಗಳು, ಲಿವರ್ ನೂಕುವ ಸ್ಲೀವನ್ನು ಮುಂದಕ್ಕೆ ಬಿಡುವುದಿಲ್ಲ. ಘರ್ಷಣೆ ಹುಟ್ಟಬೇಕಾದರೆ ಎರಡು ಮೈಗಳ ನಡುವಿನ ಎಣ್ಣೆಯ ಪೊರೆ ಹರಿದು ಆಚೆ ಹೋಗಬೇಕು. ರಿಂಗಿನ ಒಳಮೈಯಲ್ಲಿ ಸಣ್ಣ ಗೀರುಗಳನ್ನು ಕೊರೆದಿರುವುದೇ ಅದಕ್ಕಾಗಿ. ಚಳಿಗೆ ಮಂದವಾದ ಎಣ್ಣೆ ಆ ಗೀರುಗಳಿಂದ ಬೇಗ ಹೊರಬೀಳದು. ರಿಂಗು ಜಾರುತ್ತದೆ, ವೇಗ ಸಮವಾಗಲು ತಡವಾಗುತ್ತದೆ, ಅಷ್ಟೂ ಹೊತ್ತು ಲಿವರ್ ಮುಂದೆ ಹೋಗದೆ ನಿಲ್ಲುತ್ತದೆ. ಮೇಲಿನ ಗೇರಿನಿಂದ ಕೆಳಗಿನದಕ್ಕೆ ಇಳಿಸುವಾಗ ಶಾಫ್ಟಿನ ವೇಗ ಏರಬೇಕಾಗುವುದರಿಂದ ಮಂದ ಎಣ್ಣೆಯ ಎಳೆತವೂ ಎದುರಾಗುತ್ತದೆ. ಲಿವರ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲು, ಕೀಲುಗಳ ಗ್ರೀಸು ಬಿಗಿಯುವುದು ಇದರ ಮೇಲಿನ ಸಣ್ಣ ಹೊರೆ.

ಎಣ್ಣೆ ಎಷ್ಟು ಮಂದವಾಗಬಹುದೆಂಬುದಕ್ಕೆ ಎಸ್‌ಎಇ ಮಾನಕದಲ್ಲಿ ಸ್ಪಷ್ಟ ಅಂಕಿಗಳಿವೆ. ಗೇರ್ ಆಯಿಲ್ ಡಬ್ಬಿಯ ಮೇಲಿನ 75ಡಬ್ಲ್ಯು, 80ಡಬ್ಲ್ಯು, 85ಡಬ್ಲ್ಯು ಎಂಬ ಗುರುತುಗಳು, ಸ್ನಿಗ್ಧತೆ 1,50,000 ಸೆಂಟಿಪಾಯ್ಸ್ ದಾಟದೆ ಆ ಎಣ್ಣೆ ಎಷ್ಟು ಚಳಿ ತಡೆಯಬೇಕೆಂದು ಹೇಳುತ್ತವೆ: ಕ್ರಮವಾಗಿ ಮೈನಸ್ 40, ಮೈನಸ್ 26, ಮೈನಸ್ 12 ಡಿಗ್ರಿ ಸೆಲ್ಸಿಯಸ್. ಚೆನ್ನಾಗಿ ಕಾದ ಎಣ್ಣೆಯ ಸ್ನಿಗ್ಧತೆಗೆ ಹೋಲಿಸಿದರೆ ಆ ಮಿತಿ ಹತ್ತು ಸಾವಿರ ಪಟ್ಟಿನ ಸುಮಾರಿನದು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಜನವರಿಯ ರಾತ್ರಿ ಮೈನಸ್ 15 ಡಿಗ್ರಿಗೂ ಕೆಳಗಿಳಿಯುವುದುಂಟು. 85ಡಬ್ಲ್ಯು ಎಣ್ಣೆ ತುಂಬಿದ ಗಾಡಿ ಅಲ್ಲಿ ತನ್ನ ಮಿತಿಯ ಆಚೆಗೇ ನಿಂತಿರುತ್ತದೆ. ಕರ್ನಾಟಕದಲ್ಲಿ ಅಂಥ ಚಳಿಯಿಲ್ಲ. ಆದರೂ ಡಿಸೆಂಬರಿನಲ್ಲಿ ಶೀಸೆಯೊಳಗೆ ಹೆಪ್ಪುಗಟ್ಟಿ, ಬಿಸಿಲಿಗಿಟ್ಟರೆ ಕರಗುವ ಕೊಬ್ಬರಿ ಎಣ್ಣೆ ಇಲ್ಲಿನ ಪ್ರತಿ ಮನೆಗೂ ಪರಿಚಿತ. ಅದು ಗಟ್ಟಿಯಾಗಲು ಸುಮಾರು 24 ಡಿಗ್ರಿಯೇ ಸಾಕು.

ಎಣ್ಣೆ, ತುಪ್ಪ, ಮಂಜುಗಡ್ಡೆಗಳ ಈ ವರ್ತನೆಯನ್ನು ವೈಶೇಷಿಕರು ಕೂಲಂಕಷವಾಗಿ ಗಮನಿಸಿದ್ದರು. ಅವರ ಗುಣಗಳ ಪಟ್ಟಿಯಲ್ಲಿ ದ್ರವತ್ವವೂ ಸ್ನೇಹವೂ ಪ್ರತ್ಯೇಕ ಗುಣಗಳು. ದ್ರವತ್ವದಲ್ಲಿ ಎರಡು ಬಗೆ. ನೀರಿನದು ಸಾಂಸಿದ್ಧಿಕ, ಅಂದರೆ ಹುಟ್ಟಿನಿಂದಲೇ ಬಂದದ್ದು. ತುಪ್ಪದ್ದು ನೈಮಿತ್ತಿಕ, ಬೆಂಕಿಯ ಸಂಪರ್ಕದಿಂದ ಬರುವಂಥದ್ದು. ಎಣ್ಣೆಯ ದ್ರವತ್ವವನ್ನು ಅದರೊಳಗಿನ ಜಲಾಂಶಕ್ಕೇ ಸೇರಿಸಿದರು. ಹಾಗಾದರೆ ಆಲಿಕಲ್ಲು ಏಕೆ ಗಟ್ಟಿ? ಅದೂ ನೀರೇ, ಕಾವು ತಗುಲಿದರೆ ನೀರಾಗಿಯೇ ಕಾಣುತ್ತದೆ. ಅದರ ದ್ರವತ್ವ ಎಲ್ಲಿಗೂ ಹೋಗಿಲ್ಲ, ಅದೃಷ್ಟವಿಶೇಷದಿಂದ ತಡೆದು ನಿಂತಿದೆ ಎಂದು ನ್ಯಾಯ-ವೈಶೇಷಿಕ ಗ್ರಂಥವಾದ ನ್ಯಾಯಸಿದ್ಧಾಂತಮುಕ್ತಾವಳಿ ಉತ್ತರಿಸುತ್ತದೆ. ಜೀವಿಗಳ ಪುಣ್ಯಪಾಪದ ಶೇಷವಾದ ಅದೃಷ್ಟವನ್ನು ಆಲಿಕಲ್ಲಿನ ಕಾಠಿಣ್ಯಕ್ಕೆ ಕಾರಣವೆನ್ನುವುದು ಇಂದಿನ ಓದುಗರಿಗೆ ಒಪ್ಪಿಗೆಯಾಗದು. ಉತ್ತರದ ಇನ್ನರ್ಧ ಮಾತ್ರ ಗಟ್ಟಿಯಾದದ್ದು: ಗುಣ ಕಾಣದಿರುವುದು ಬೇರೆ, ಗುಣ ಇಲ್ಲದಿರುವುದು ಬೇರೆ.

ಈ ಭೇದವೇ ಮಣಿಯ ಚರ್ಚೆಯ ಬೇರು. ಬೆಂಕಿ ಇದೆ, ಹುಲ್ಲಿದೆ, ಎರಡೂ ತಾಗಿವೆ. ಆದರೆ ಚಂದ್ರಕಾಂತ ಮಣಿ ಹತ್ತಿರವಿದ್ದರೆ ಹುಲ್ಲು ಸುಡುವುದಿಲ್ಲ ಎಂದು ಮೀಮಾಂಸಕರೂ ನೈಯಾಯಿಕರೂ ಒಪ್ಪಿ ಹೊರಡುತ್ತಾರೆ. ಅಂಥ ಮಣಿ ನಿಜಕ್ಕೂ ಇದೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ವಾದಕ್ಕೆ ಬೇಕಾದದ್ದು ಅದರ ಆಕಾರ. ಮೀಮಾಂಸಕರ ಪ್ರಕಾರ ಕಣ್ಣಿಗೆ ಕಾಣುವ ಬೆಂಕಿಯಲ್ಲಿ ಕಾಣದ ದಾಹಶಕ್ತಿಯೊಂದಿದೆ. ಮಣಿ ಬಂದರೆ ಅದು ಅಳಿಯುತ್ತದೆ, ಮಣಿ ಹೋದರೆ ಮತ್ತೆ ಹುಟ್ಟುತ್ತದೆ. ಆದ್ದರಿಂದ ಶಕ್ತಿ ಎಂಬುದು ದ್ರವ್ಯ, ಗುಣಗಳಿಂದ ಬೇರೆಯಾದ ಪದಾರ್ಥವೆಂದು ಮೀಮಾಂಸೆಯ ಪ್ರಾಭಾಕರ ಶಾಖೆಯವರು ಎಣಿಸಿದರು. ನೈಯಾಯಿಕರು ಒಪ್ಪಲಿಲ್ಲ. ನ್ಯಾಯಕುಸುಮಾಂಜಲಿಯ ಮೊದಲ ಸ್ತಬಕದಲ್ಲಿ ಉದಯನನು ಈ ಅತೀಂದ್ರಿಯ ಶಕ್ತಿಯನ್ನು ನಿರಾಕರಿಸುತ್ತಾನೆ. ಪ್ರತಿಸಲವೂ ಹುಟ್ಟುವ ಸಾಯುವ ಲೆಕ್ಕವಿಲ್ಲದಷ್ಟು ಶಕ್ತಿಗಳನ್ನು ಕಲ್ಪಿಸುವುದು ಗೌರವದೋಷ, ಅಂದರೆ ಬೇಡದ ಕಲ್ಪನೆಯ ಭಾರ. ಬೆಂಕಿಯ ಜೊತೆಗೆ ಮಣಿಯ ಅಭಾವವೂ ಒಂದು ಕಾರಣವೆಂದರೆ ಸಾಕು ಎಂಬುದು ನ್ಯಾಯದ ನಿಲುವು. ಇಲ್ಲದಿರುವುದು ಹೇಗೆ ಕಾರಣವಾದೀತು ಎಂಬ ಆಕ್ಷೇಪಕ್ಕೆ ಅವರು ಅಂಜಲಿಲ್ಲ. ಅಭಾವವೂ ಅವರಿಗೆ ಒಂದು ಪದಾರ್ಥವೇ. ಶಕ್ತಿವಾದ ಕರ್ನಾಟಕದಲ್ಲಿ ಬೇರೊಂದು ದಾರಿಯಿಂದ ಉಳಿಯಿತು. 13ನೇ ಶತಮಾನದ ಮಧ್ವಾಚಾರ್ಯರ ದ್ವೈತ ಸಂಪ್ರದಾಯ ಎಣಿಸುವ ಹತ್ತು ಪದಾರ್ಥಗಳಲ್ಲಿ ಶಕ್ತಿಯೂ ಒಂದು. ವಸ್ತುವಿನ ಸ್ವಭಾವದಲ್ಲೇ ಇರುವ ಸಹಜಶಕ್ತಿ ಬೇರೆ, ಪ್ರತಿಷ್ಠೆಯಿಂದ ವಿಗ್ರಹಕ್ಕೆ ಬರುವಂಥ ಆಧೇಯಶಕ್ತಿ ಬೇರೆ ಎಂದು ಅದು ವಿಂಗಡಿಸುತ್ತದೆ.

ಚಳಿಯ ಗೇರ್‌ಬಾಕ್ಸಿಗೆ ಶಕ್ತಿವಾದ, ನ್ಯಾಯದ ಅಭಾವವಾದ ಇವೆರಡರಲ್ಲಿ ಯಾವುದು ಹೊಂದುತ್ತದೆ? ಮೇಲುನೋಟಕ್ಕೆ ನ್ಯಾಯದ ಪಕ್ಷವೇ ಗೆಲ್ಲುತ್ತದೆ. ರಿಂಗಿನಲ್ಲಿ ಶಕ್ತಿಯೊಂದು ರಾತ್ರಿ ಸತ್ತು ಹಗಲು ಹುಟ್ಟಿತೆಂದು ಹೇಳಬೇಕಾಗಿಲ್ಲ. ಎಣ್ಣೆಯ ಪೊರೆಯೆಂಬ ಪ್ರತಿಬಂಧಕವನ್ನು ಬೆರಳಿಟ್ಟು ತೋರಿಸಬಹುದು. ನೈಯಾಯಿಕರ ಉತ್ತೇಜಕದ ಕಲ್ಪನೆಯೂ ಇಲ್ಲಿ ಅಂದವಾಗಿ ಕೂಡುತ್ತದೆ. ಮಣಿ ಇದ್ದರೂ ಉತ್ತೇಜಕವೊಂದಿದ್ದರೆ ಬೆಂಕಿ ಸುಡುತ್ತದೆ. ಆದಕಾರಣ ಬರಿಯ ಮಣಿಯ ಅಭಾವವಲ್ಲ, ಉತ್ತೇಜಕವಿಲ್ಲದ ಮಣಿಯ ಅಭಾವವೇ ಕಾರಣವೆಂದು ಅವರು ಲಕ್ಷಣವನ್ನು ತಿದ್ದಿದರು. ಅಂಥ ಉತ್ತೇಜಕದಂತೆ ಲೇಹ್‌ನ ಗಾಡಿಗೆ 75ಡಬ್ಲ್ಯು ಎಣ್ಣೆ ತುಂಬಿದರೆ ಚಳಿ ಹಾಗೆಯೇ ಇದ್ದರೂ ಗೇರು ಬೀಳುತ್ತದೆ.

ಆದರೆ ತೊಡಕೊಂದು ಉಳಿಯುತ್ತದೆ, ಅದು ಸಣ್ಣದಲ್ಲ. ಮಣಿ ಹೊರಗಿನಿಂದ ಬರುವ ವಸ್ತು. ಇದೆ ಅಥವಾ ಇಲ್ಲ. ಗೇರ್‌ಬಾಕ್ಸಿನಲ್ಲಿ ತಡೆಯುವುದೂ ನಡೆಸುವುದೂ ಅದೇ ಎಣ್ಣೆ. ಅದಿಲ್ಲದಿದ್ದರೆ ಹಲ್ಲುಗಳು ಸವೆದು ಸುಟ್ಟುಹೋಗುತ್ತವೆ, ಆದ್ದರಿಂದ ಅದರ ಅಭಾವವನ್ನು ಕಾರಣವೆನ್ನಲು ಬಾರದು. ಮಂದತೆಯ ಅಭಾವವೆನ್ನೋಣವೆಂದರೆ, ಕಾದ ಎಣ್ಣೆಗೂ ಅದರದೇ ಮಂದತೆ ಇದ್ದೇ ಇದೆ. ಇಂತಿಷ್ಟಕ್ಕಿಂತ ಹೆಚ್ಚಿನ ಮಂದತೆಯ ಅಭಾವವೆಂದು ಸೂಕ್ಷ್ಮಗೊಳಿಸಿದರೂ, ಇಂತಿಷ್ಟು ಎಂಬ ಗೆರೆ ಒಂದು ಡಿಗ್ರಿಯಲ್ಲಿ ಬೀಳುವುದಿಲ್ಲ; ಮೈನಸ್ 5ರಲ್ಲಿ ಕೈಗೆ ತುಸು ಬಿಗಿ, ಮೈನಸ್ 15ರಲ್ಲಿ ಇನ್ನಷ್ಟು. ತಾರತಮ್ಯವುಳ್ಳ ಈ ತಡೆಯನ್ನು ಹೇಳಲು ಇದೆ, ಇಲ್ಲ ಎಂಬ ಎರಡೇ ಮಾತು ಸಾಲದು. ಸಾಮರ್ಥ್ಯ ವಸ್ತುವಿನ ಸ್ವಭಾವದಲ್ಲೇ ಇದ್ದು ಸನ್ನಿವೇಶಕ್ಕೆ ತಕ್ಕಷ್ಟು ಹೊರಹೊಮ್ಮುತ್ತದೆಂಬ ಸಹಜಶಕ್ತಿಯ ಭಾಷೆ ಇಲ್ಲಿ ಹೆಚ್ಚು ಹತ್ತಿರದ್ದು. ಶಕ್ತಿವಾದಿಗಳ ಪಕ್ಷದಲ್ಲಿ ಇಷ್ಟು ಸತ್ಯವಿದೆಯೆಂದು ಒಪ್ಪಲೇಬೇಕು.

ಮಣಿಯ ದೃಷ್ಟಾಂತದಲ್ಲಿ ಕಾಣದ ಇನ್ನೊಂದು ಸಂಗತಿಯೂ ಇದೆ. ಗೇರ್‌ಬಾಕ್ಸಿನಲ್ಲಿ ಇಂಧನ ಉರಿಯುವುದಿಲ್ಲ. ಎಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿದರೆ ಅದರ ನೀರು ಕಾಯುತ್ತದೆ, ಪಕ್ಕದ ಗೇರ್‌ಬಾಕ್ಸ್ ಬಹುಪಾಲು ತಣ್ಣಗೇ ಇರುತ್ತದೆ. ಕ್ಲಚ್ ಬಿಟ್ಟು ನ್ಯೂಟ್ರಲ್‌ನಲ್ಲಿ ಇರಿಸಿದರೆ ಒಳಗಿನ ಶಾಫ್ಟ್ ತಿರುಗಿ ಎಣ್ಣೆ ಒಂದಿಷ್ಟು ಕದಡುತ್ತದೆ, ಅಷ್ಟೇ. ಅದಕ್ಕೆ ನಿಜವಾದ ಕಾವು ಬರುವುದು ಹಲ್ಲುಗಳು ಹೊರೆ ಹೊತ್ತು ಉಜ್ಜುವುದರಿಂದ, ಮಂದ ಎಣ್ಣೆಯನ್ನು ಕಡೆಯುವುದರಿಂದ. ಎಣ್ಣೆ ಎಷ್ಟು ಮಂದವೋ ಕಡೆಯಲು ಅಷ್ಟು ಶ್ರಮ, ಶ್ರಮ ಹೆಚ್ಚಿದಷ್ಟೂ ಕಾವು. ತಡೆಯೇ ತನ್ನನ್ನು ಕರಗಿಸುವ ಬಿಸಿಯನ್ನು ಹುಟ್ಟಿಸುತ್ತದೆ. ಎರಡನೆಯ ಗೇರಿಗೆ ಹಾಕುವ ಮುನ್ನ ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆದು, ಲಿವರ್ ಮೇಲೆ ಹದವಾದ ಒತ್ತಡವಿಟ್ಟು ಕಾಯುವ ಚಾಲಕನಿಗೆ ಇದು ಕೈಯ ಅನುಭವದಲ್ಲೇ ಗೊತ್ತಿರುತ್ತದೆ.

ಬಿಗಿತ ತಡೆಯಿಂದ ಬಂದದ್ದೋ, ಸವೆತದಿಂದಲೋ ಎಂದು ತಿಳಿಯುವ ದಾರಿ ಅನ್ವಯ ವ್ಯತಿರೇಕ. ಚಳಿಯಿದ್ದಾಗ ಬಿಗಿ, ಕಾದಾಗ ಸಲೀಸು ಎಂದಾದರೆ ಕಾರಣ ಚಳಿ. ಕಾದ ಮೇಲೂ ಹಾಗೆಯೇ ಇದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಇಲ್ಲವೇ ರಿಂಗು ಸವೆದಿದೆ. ಯೋಗ್ಯತೆ ಇರುವುದು ಬೇರೆ, ಫಲ ಕೊಡುವುದು ಬೇರೆ ಎಂಬ ಭೇದಕ್ಕೆ ನ್ಯಾಯಶಾಸ್ತ್ರ ಎರಡು ಹೆಸರುಗಳನ್ನು ಕೊಟ್ಟಿದೆ. ಕಾಡಿನಲ್ಲಿ ಬಿದ್ದ ಕೋಲು ಕುಂಬಾರನ ಚಕ್ರ ತಿರುಗಿಸದಿದ್ದರೂ ತಿರುಗಿಸಲು ತಕ್ಕದ್ದು, ಅದಕ್ಕಿರುವುದು ಸ್ವರೂಪಯೋಗ್ಯತೆ. ಕುಂಬಾರನ ಕೈಗೆ ಬಂದು ಮಡಕೆ ಹುಟ್ಟಿಸಿದಾಗ ಅದು ಫಲೋಪಧಾಯಕ. ಚಳಿಯ ಬೆಳಗಿನ ರಿಂಗು ಕಾಡಿನ ಕೋಲಿನಂತೆ: ಫಲವಿಲ್ಲ, ಯೋಗ್ಯತೆ ಪೂರ್ತಿ ಇದೆ. ಇದನ್ನರಿಯದೆ ಆಗಲೇ ಲಿವರನ್ನು ಬಲವಂತವಾಗಿ ನೂಕಿದರೆ ಜಾರುವ ರಿಂಗಿನ ಗೀರುಗಳು ಸವೆಯುತ್ತವೆ, ಅಂಚಿನ ಹಲ್ಲುಗಳು ಮೊಂಡಾಗುತ್ತವೆ. ಗೀರು ಸವೆದ ಮೇಲೆ ತೆಳು ಎಣ್ಣೆಯೂ ಹೊರಬೀಳದು. ಬೇಸಗೆಯ ನಡುಹಗಲಲ್ಲೂ ಗೇರು ಕರಕರ ಎನ್ನುತ್ತದೆ. ಅಲ್ಲಿ ಅಳಿದದ್ದು ಸ್ವರೂಪಯೋಗ್ಯತೆಯೇ. ಅದು ಎಣ್ಣೆ ಬದಲಿಸಿದರೂ ಕಾವು ಕೊಟ್ಟರೂ ಮರಳುವುದಿಲ್ಲ, ಹೊಸ ರಿಂಗು ಹಾಕಬೇಕು.