ದಂಡವು ಯಾರ ಸ್ವತ್ತು?

ರಾಜ್ಯದ ಸೈನ್ಯವು ಯಾರಿಗೆ ನಿಷ್ಠವಾಗಿರಬೇಕು? ಸಂಬಳ ಕೊಡುವ ಸಮರ್ಥನಿಗೋ, ರಾಜ್ಯದ ಧರ್ಮಕ್ಕೋ? ಪ್ರಶ್ನೆಯು ಹಳೆಯದು. ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳುವಾಗ ಸ್ವಾಮಿ, ಕೋಶ, ದಂಡ ಇವುಗಳನ್ನು ಬೇರೆಬೇರೆಯಾಗಿಯೇ ಎಣಿಸಿದನು. ಸ್ವಾಮಿಯು ಮುಖ್ಯನೆಂಬುದು ನಿಜ. ಆದರೆ ಅವನೂ ಒಂದು ಅಂಗವೇ ಹೊರತು ಇಡೀ ದೇಹವಲ್ಲ. ಒಂದು ಅಂಗವು ತಾನೇ ದೇಹವೆಂದು ಬಗೆದರೆ ಏನಾಗುವದೆಂಬುದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಹೈದರ ಅಲಿಯ ಏಳಿಗೆಯ ವೃತ್ತಾಂತವು ನಮ್ಮ ಸವಣೂರ ಸೀಮೆಯನ್ನೂ ಮುಟ್ಟಿದುದಾಗಿದೆ.

ಮೈಸೂರಿಗೆ ಈ ರೋಗವನ್ನು ತಂದವನು ಹೈದರನಲ್ಲ. 1734ರಲ್ಲಿ ದಳವಾಯಿ ದೇವರಾಜಯ್ಯನು ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟನು. ಅಂದಿನಿಂದ ಸಿಂಹಾಸನವು ಒಬ್ಬರದು, ಸೇನೆಯು ಇನ್ನೊಬ್ಬರದು ಎಂಬಂತಾಯಿತು. ಆದರೆ ಸೇನೆಯನ್ನು ಹಿಡಿದ ದಳವಾಯಿಗಳು ಸಿಪಾಯಿಗಳ ಸಂಬಳವನ್ನು ಹೊತ್ತಿಗೆ ಕೊಡಲಾರದೆ ಹೋದರು. 1758ರಲ್ಲಿ ಸೈನಿಕರು ಬಾಕಿಗಾಗಿ ದಳವಾಯಿ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಬಾಕಿ ತೀರಿಸುವ ಏರ್ಪಾಡನ್ನು ಮಾಡಿ ಅವರನ್ನು ಎಬ್ಬಿಸಿದವನು ಹೈದರನು. ಸಿಪಾಯಿಯ ಮನಸ್ಸಿನಲ್ಲಿ ಒಡೆಯನಾರೆಂಬುದು ಅಲ್ಲಿಯೇ ನಿಶ್ಚಯವಾಯಿತೆಂದು ತಿಳಿಯಬೇಕು. 1760ರಲ್ಲಿ ಅವನ ದಿವಾನನೇ ಆಗಿದ್ದ ಖಂಡೇರಾಯನು ಅರಮನೆಯ ಪಕ್ಷವನ್ನು ಸೇರಿ ತಿರುಗಿಬಿದ್ದಾಗ ಹೈದರನು ಬೆಂಗಳೂರಿಗೆ ಓಡಬೇಕಾಯಿತು. ಆದರೂ 1761ರಲ್ಲಿ ಮರಳಿ ಗೆದ್ದನು. ಅರಸರನ್ನು ಅವನು ಪಟ್ಟದಿಂದಿಳಿಸಲಿಲ್ಲ. ಅವರ ವೆಚ್ಚಕ್ಕೆ 3 ಲಕ್ಷ ವರಹದ ಸೀಮೆಯನ್ನೂ ನಂಜರಾಜಯ್ಯನಿಗೆ 1 ಲಕ್ಷದ ಸೀಮೆಯನ್ನೂ ಬಿಟ್ಟು, ಉಳಿದ ರಾಜ್ಯವನ್ನು ತನ್ನ ಕೈಯಲ್ಲಿಟ್ಟುಕೊಂಡನು. ದಸರೆಯಲ್ಲಿ ಪ್ರಜೆಗಳಿಗೆ ಅರಸರ ದರ್ಶನವು ಮೊದಲಿನಂತೆಯೇ ಆಗುತ್ತಿದ್ದಿತು. ಹೆಸರು ಉಳಿಯಿತು, ಕೋಶವೂ ದಂಡವೂ ಹೋದವು.

ಇದರಲ್ಲಿ ತಪ್ಪೇನೆಂದು ಕೇಳುವವರುಂಟು. ಹೈದರನು ಅಕ್ಷರವನ್ನರಿಯದಿದ್ದರೂ ಅಸಾಧಾರಣವಾದ ಸ್ಮರಣಶಕ್ತಿಯುಳ್ಳವನು. ಮತವನ್ನು ನೋಡದೆ ಸಮರ್ಥರಿಗೆ ಕೆಲಸ ಕೊಟ್ಟವನು. 1769ರಲ್ಲಿ ಇಂಗ್ಲಿಷರು ಮದ್ರಾಸಿನಲ್ಲಿಯೇ ಸಂಧಿಗೊಪ್ಪುವಂತೆ ಮಾಡಿದವನು. ಇದೆಲ್ಲವೂ ಸತ್ಯವೇ. ಆದರೆ ಸಾಮರ್ಥ್ಯವು ಗುಣವು, ಹಕ್ಕಲ್ಲ. ಅದನ್ನೇ ಹಕ್ಕೆಂದು ಒಪ್ಪಿದರೆ, ತಾನೇ ಸಮರ್ಥನೆಂದು ಬಗೆದ ಪ್ರತಿಯೊಬ್ಬ ಸೇನಾಪತಿಗೂ ಬಾಗಿಲು ತೆರೆದಂತಾಗುವದು. ದಳವಾಯಿಯು ಅರಸರಿಗೆ ಮಾಡಿದುದನ್ನೇ ಹೈದರನು ದಳವಾಯಿಗೆ ಮಾಡಿದನಲ್ಲವೇ?

ಇನ್ನೊಂದು ದೋಷವೂ ಉಂಟು. ಕೋಶ, ದಂಡ, ನ್ಯಾಯ ಮೂರೂ ಒಂದೇ ಕೈಗೆ ಸೇರಿದಲ್ಲಿ ‘ಬೇಡ’ವೆನ್ನುವ ಬಾಯಿ ಉಳಿಯುವದಿಲ್ಲ. ಹೈದರನು ಸವಣೂರಿನ ಮೇಲೆ ಬಂದು ನವಾಬ ಅಬ್ದುಲ ಹಕೀಮ ಖಾನನನ್ನು ಸೋಲಿಸಿದನು. 1764ರಲ್ಲಿ ಪೇಶವೆ ಮಾಧವರಾಯನು ರಟ್ಟೀಹಳ್ಳಿಯ ಹತ್ತಿರ ಹೈದರನನ್ನು ಸೋಲಿಸಿದನು. ಗೆಲುವು ಯಾರದಾದರೂ ಕುದುರೆಗಳ ಕಾಲಡಿಯಲ್ಲಿ ಸಿಕ್ಕಿದವು ಈ ಸೀಮೆಯ ಹೊಲಗಳು. 1779ರಲ್ಲಿ ಎರಡು ಮನೆತನಗಳಿಗೂ ಬೀಗತನವಾಯಿತು. 1786ರಲ್ಲಿ ಟಿಪ್ಪುವಿನ ಸೈನ್ಯವು ಸವಣೂರನ್ನು ಹಿಡಿಯಿತು. ಒಡೆಯನ ಇಚ್ಛೆಯೊಂದರ ಮೇಲೆ ನಿಂತ ಸ್ನೇಹಕ್ಕೆ ಬೇರೆ ಆಧಾರವೆಲ್ಲಿಯದು?

ಇದು ದೊರೆಗಳ ಕಾಲದ ಮಾತೆಂದು ಕಡೆಗಣಿಸಲಾಗದು. 1934ರಲ್ಲಿ ಜರ್ಮನಿಯ ಸೈನಿಕರಿಂದ ಹಿಟ್ಲರನು ತನ್ನ ಹೆಸರಿಗೇ ಪ್ರಮಾಣವಚನವನ್ನು ತೆಗೆದುಕೊಂಡನು. ಮುಂದೆ ಆ ಮಾತಿಗೆ ಕಟ್ಟುಬಿದ್ದು ಎಷ್ಟೋ ಅಧಿಕಾರಿಗಳು ಅಧರ್ಮವನ್ನು ಕಂಡೂ ಸುಮ್ಮನಿದ್ದರು. ನಮ್ಮ ದೇಶದ ಸೈನಿಕನು ಪ್ರಮಾಣ ಮಾಡುವದು ಯಾವ ವ್ಯಕ್ತಿಗೂ ಅಲ್ಲ, ಸಂವಿಧಾನಕ್ಕೆ. ಸೈನ್ಯದ ಪರಮಾಧಿಕಾರವು ರಾಷ್ಟ್ರಪತಿಗಳದಾದರೂ ಅದರ ಪ್ರಯೋಗವು ಕಾನೂನಿಗೆ ಒಳಪಟ್ಟುದು. ಸೈನ್ಯದ ವೆಚ್ಚಕ್ಕೆ ಲೋಕಸಭೆಯ ಒಪ್ಪಿಗೆ ಬೇಕು. ಕೌಟಿಲ್ಯನು ಬೇರೆಬೇರೆಯಾಗಿ ಎಣಿಸಿದುದನ್ನು ಇಲ್ಲಿ ಬೇರೆಬೇರೆ ಕೈಗಳಲ್ಲಿಯೇ ಇಟ್ಟಿದ್ದಾರೆ.

ಆದರೆ ಬರೆದಿಟ್ಟ ಕಟ್ಟಳೆಯು ತನ್ನನ್ನು ತಾನೇ ಕಾಯಲಾರದು. ರಾಜಕಾರಣದಲ್ಲಿ ವ್ಯಕ್ತಿಭಕ್ತಿಯು ಸರ್ವಾಧಿಕಾರಕ್ಕೆ ದಾರಿಯೆಂದು ಅಂಬೇಡಕರರು 1949ರಲ್ಲಿಯೇ ಎಚ್ಚರಿಸಿದ್ದರು. ಸಮರ್ಥನು ಸಿಕ್ಕಾಗ ಅವನನ್ನು ಮನಸಾರೆ ಹೊಗಳೋಣ, ಕೆಲಸವನ್ನೂ ಕೊಡೋಣ. ಲೆಕ್ಕ ಕೇಳುವ ಅಧಿಕಾರವನ್ನು ಮಾತ್ರ ಅವನಿಗೆ ಒಪ್ಪಿಸದಿರೋಣ. ಆಳುವವರಾದರೂ ಸಿಪಾಯಿಯ ಬಾಕಿಯನ್ನು ಬಾಗಿಲಿಗೆ ಬರುವತನಕ ಉಳಿಸಬಾರದು. ನಂಜರಾಜಯ್ಯನ ಬಾಗಿಲಲ್ಲಿ ಕುಳಿತವರು ರಾಜ್ಯದ್ರೋಹಿಗಳಲ್ಲ, ದುಡಿದ ಕೂಲಿಯನ್ನು ಕೇಳಬಂದವರು. ಅದನ್ನು ರಾಜ್ಯವೇ ಕೊಟ್ಟಿದ್ದರೆ ಅವರು ರಾಜ್ಯದವರಾಗಿಯೇ ಉಳಿಯುತ್ತಿದ್ದರು.